ಬಾಟ್ ಕೊಟ್ಟ 40 ಡಾಲರ್ ಯಾರದ್ದು? ಟ್ರೇಡಿಂಗ್ ಬಾಟ್ ಮೋಸವನ್ನು ಲೆಕ್ಕ ಹಾಕಿ ಹಿಡಿಯುವುದು ಹೇಗೆ

ಇಪ್ಪತ್ತೆರಡು ವರ್ಷದಿಂದ ನಾನು ಬೇರೆಯವರ ಲೆಕ್ಕ ನೋಡುತ್ತಿದ್ದೇನೆ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಕಡೆ, ಕಂಪನಿಯ ಲೆಡ್ಜರ್ ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ಟಿಕ್ ಹಾಕುವುದು ನನ್ನ ಕೆಲಸ. ಚಿಲ್ಲರೆ ವ್ಯತ್ಯಾಸ ಬಂದರೂ ಅದು ಎಲ್ಲಿಂದ ಬಂತು ಅಂತ ಗೊತ್ತಾಗುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ. ಅಂಥವಳು ಒಂದು ಕ್ರಿಪ್ಟೊ ಟ್ರೇಡಿಂಗ್ ಬಾಟ್‌ಗೆ 2,300 ಡಾಲರ್ ಹಾಕಿ ಕಳೆದುಕೊಂಡೆ. ಟ್ರೇಡಿಂಗ್ ಬಾಟ್ ಅಂದರೆ ನಮ್ಮ ಪರವಾಗಿ ಡಿಜಿಟಲ್ ನಾಣ್ಯಗಳನ್ನು ತಾನೇ ಕೊಂಡು ಮಾರುವ ಸಾಫ್ಟ್‌ವೇರ್.

ಕರೆದವನು ನನ್ನ ಚಿಕ್ಕಪ್ಪನ ಮಗ. ಮೋಸಗಾರನಲ್ಲ ಪಾಪ, ಅವನೂ ಕಳೆದುಕೊಂಡ. "ಅಕ್ಕಾ, ನೀನು ಏನೂ ಮಾಡೋದು ಬೇಡ. ಬಾಟ್ ಎಲ್ಲಾ ನೋಡ್ಕೊಳ್ಳುತ್ತೆ. ಅನುಮಾನ ಇದ್ರೆ ಸ್ವಲ್ಪ ತೆಗೆದು ನೋಡು" ಅಂದ. ನಾನು 500 ಯುಎಸ್‌ಡಿಟಿ ಹಾಕಿದೆ. ಯುಎಸ್‌ಡಿಟಿ ಅಂದರೆ ಒಂದಕ್ಕೆ ಒಂದು ಡಾಲರ್ ಲೆಕ್ಕದಲ್ಲಿ ನಡೆಯುವ ಟೋಕನ್. ಮೂರು ವಾರಕ್ಕೆ ಪರದೆಯ ಮೇಲೆ 616 ಆಗಿತ್ತು. 40 ತೆಗೆದು ನೋಡಿದೆ. ಆರು ನಿಮಿಷದಲ್ಲಿ ನನ್ನ ವಾಲೆಟ್‌ಗೆ, ಅಂದರೆ ಕ್ರಿಪ್ಟೊ ಇಟ್ಟುಕೊಳ್ಳುವ ನನ್ನದೇ ಆ್ಯಪ್‌ಗೆ, ಬಂತು. ಅವತ್ತು ರಾತ್ರಿಯೇ ಇನ್ನೂ 1,800 ಹಾಕಿದೆ.

ಐವತ್ತೈದು ದಿನ ಆದ ಮೇಲೆ ಪರದೆ 4,100 ತೋರಿಸುತ್ತಿತ್ತು. ಎಲ್ಲಾ ತೆಗೆಯೋಣ ಅಂತ ವಿತ್‌ಡ್ರಾ ಒತ್ತಿದೆ. "ಪರಿಶೀಲನೆಯಲ್ಲಿದೆ" ಅಂತ ಬಂತು. ನಾಲ್ಕನೇ ದಿನ ಚಾಟ್‌ನಲ್ಲಿ ಉತ್ತರ: ಶೇ 15 ತೆರಿಗೆ, ಅಂದರೆ 615 ಡಾಲರ್ ಕಟ್ಟಬೇಕು. ನಿಮ್ಮ ಬಾಕಿಯಿಂದ ಕಳೆಯೋಕಾಗಲ್ಲ, ಹೊಸದಾಗಿ ಕಳಿಸಬೇಕು.

ಅದನ್ನು ಓದಿದ ಮೇಲೆಯೇ ನಾನು ಮೊದಲ ಸಲ ಅಕೌಂಟೆಂಟ್ ಆಗಿ ಕೂತು ಆ ಪರದೆ ನೋಡಿದ್ದು. ಆಮೇಲೆ ಎರಡು ವಾರ ಏನೇನು ತಪಾಸಣೆ ಮಾಡಿದೆನೋ ಅದೇ ಈ ಬರಹ. ಹಣ ಹಾಕುವ ಮೊದಲು ಮಾಡಬೇಕಿತ್ತು. ನೀವಾದರೂ ಮಾಡಿ.

ಮೊದಲು, ನಾವು ಯಾಕೆ ಬೀಳುತ್ತೇವೆ

"ದುರಾಸೆ" ಅಂತ ಜನ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನ್ನ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ದುರಾಸೆ ಇದ್ದವರು ಲಾಟರಿಗೂ ಹೋಗಬಹುದು. ಬಾಟ್‌ಗೆ ಬೀಳುವವರು ತಮ್ಮನ್ನು ತಾವು ಜಾಗರೂಕರು ಅಂದುಕೊಂಡವರು.

ನನ್ನನ್ನು ಕೆಡವಿದ್ದು ಆ 40 ಡಾಲರ್. "ತೆಗೆದು ನೋಡಿದೆ, ಬಂತು" ಅನ್ನುವುದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಅಂತ ನನಗೆ ಅನಿಸಿತ್ತು. ನಾನೇ ಪರೀಕ್ಷೆ ಮಾಡಿದ್ದೆ, ಬೇರೆಯವರ ಮಾತು ಕೇಳಿ ಅಲ್ಲ. ಆದರೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೊಟ್ಟವರು ಬಾಟ್ ನಡೆಸುವವರೇ. "ಸ್ವಲ್ಪ ತೆಗೆದು ನೋಡು" ಅಂತ ಹೇಳಿಕೊಟ್ಟಿದ್ದೂ ಅವರೇ. ಗಾಳಕ್ಕೆ ಸಿಕ್ಕಿಸಿದ ಹುಳುವನ್ನು ಮೀನು ಪರೀಕ್ಷೆ ಮಾಡಿ ತಿಂದ ಹಾಗಾಯಿತು.

ಅವರ ಕಡೆಯಿಂದ ಲೆಕ್ಕ ಬರೆದು ನೋಡಿ. ನನ್ನಿಂದ ಬಂದದ್ದು ಮೊದಲು 500. ಅದರಲ್ಲಿ ನನಗೆ ವಾಪಸ್ 40. ನನ್ನನ್ನು ಸೇರಿಸಿದ್ದಕ್ಕೆ ತಮ್ಮನಿಗೆ ಶೇ 8 ಕಮಿಷನ್, ಅದೂ 40. ಅವನು ಆಗ ಹೇಳಿರಲಿಲ್ಲ, ಆಮೇಲೆ ಮುಖ ತಗ್ಗಿಸಿಕೊಂಡು ಹೇಳಿದ. ಒಟ್ಟು 80 ಡಾಲರ್ ಖರ್ಚು. ಅದೂ ನನ್ನದೇ ದುಡ್ಡಿನಲ್ಲಿ. ಅದರಿಂದ ಅವರಿಗೆ ಬಂದ ಮುಂದಿನ ಆದಾಯ 1,800. ಯಾವ ಕಂಪನಿಯ ಜಾಹೀರಾತು ಖರ್ಚೂ ಇಷ್ಟು ಚೆನ್ನಾಗಿ ಫಲ ಕೊಟ್ಟಿದ್ದನ್ನು ನಾನು ನೋಡಿಲ್ಲ.

ಎರಡನೆಯದು, ಬಾಟ್ ಅನ್ನುವ ಮಾತೇ. ಯಾರಾದರೂ ಬಂದು "ನಿಮ್ಮ ಹಣ ಕೊಡಿ, ದಿನಕ್ಕೆ ಶೇ 1 ಕೊಡ್ತೀನಿ" ಅಂದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅದೇ ಮಾತನ್ನು ಒಂದು ಯಂತ್ರ ಹೇಳಿತು. ಯಂತ್ರಕ್ಕೆ ಆಸೆ ಇಲ್ಲ, ಸುಸ್ತಿಲ್ಲ, ಭಯ ಇಲ್ಲ ಅಂತ ನಂಬಿದೆ. ಯಂತ್ರದ ಹಿಂದೆ ಕೂತವನಿಗೆ ಆಸೆ ಇದೆಯಾ ಅಂತ ಕೇಳಲಿಲ್ಲ. ಈಗಂತೂ ಮೇಲೆ ಎಐ ಅಂತ ಬೇರೆ ಅಂಟಿಸುತ್ತಾರೆ. ಎಐ ಬಂದ ಮಾತ್ರಕ್ಕೆ ಟ್ರೇಡಿಂಗ್ ಬಾಟ್ ಹಣ ಮಾಡುವ ಯಂತ್ರ ಆಗುವುದಿಲ್ಲ ಅಂತ ಅಮೆರಿಕದ ಸಿಎಫ್‌ಟಿಸಿ 2024ರ ಜನವರಿಯಲ್ಲಿ ಹೂಡಿಕೆದಾರರಿಗೆ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ಸಿಎಫ್‌ಟಿಸಿ ಅಂದರೆ ಅಲ್ಲಿನ ಫ್ಯೂಚರ್ಸ್ ವ್ಯಾಪಾರ ನಿಯಂತ್ರಿಸುವ ಸಂಸ್ಥೆ.

ಮೂರನೆಯದು ನನಗೆ ಈಗಲೂ ಚುಚ್ಚುತ್ತದೆ. ಆ ಬಾಟ್ ಎರಡು ದಿನ ನಷ್ಟ ತೋರಿಸಿತ್ತು. ಒಂದು ದಿನ ಶೇ 0.3, ಇನ್ನೊಂದು ದಿನ ಶೇ 0.2. ಅದನ್ನು ನೋಡಿ ನನ್ನ ನಂಬಿಕೆ ಜಾಸ್ತಿಯಾಯಿತು. ಸುಳ್ಳು ಹೇಳುವವರು ನಷ್ಟ ಯಾಕೆ ತೋರಿಸುತ್ತಾರೆ, ಅಲ್ವಾ? ಪರದೆಯ ಮೇಲೆ ಬರುವ ಅಂಕಿ ಬರೀ ಅಂಕಿ. ಕೆಂಪು ಬಣ್ಣದಲ್ಲಿ ಬರೆಯೋದಕ್ಕೂ ಹಸಿರು ಬಣ್ಣದಲ್ಲಿ ಬರೆಯೋದಕ್ಕೂ ಅವರಿಗೆ ಖರ್ಚು ಒಂದೇ.

ಇನ್ನೂ ಒಂದು. ನಾನು ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಲಾಭ ಕೈಗೆ ಬಂದ ಮೇಲೆ ಹೇಳೋಣ ಅಂತ. ಯಾರಿಗೂ ಹೇಳದೆ ಹಾಕಿದ ಹಣದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನನ್ನ ಯಜಮಾನರು ಕೇಳುತ್ತಿದ್ದ ಮೊದಲ ಪ್ರಶ್ನೆ ನನಗೆ ಗೊತ್ತು: "ಅಷ್ಟು ಲಾಭ ಬರೋ ಬಾಟ್ ಇದ್ರೆ ನಿನ್ನ 500 ಡಾಲರ್ ಅವರಿಗೆ ಯಾಕೆ ಬೇಕು?" ಆ ಪ್ರಶ್ನೆ ತಪ್ಪಿಸಿಕೊಳ್ಳೋಕೇ ನಾನು ಹೇಳದೆ ಇದ್ದೆ ಅನಿಸುತ್ತದೆ.

ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ

ಇದು ಐದು ನಿಮಿಷದ ಕೆಲಸ. ಅವರು ಹೇಳುವ ದಿನದ ಲಾಭವನ್ನು ವರ್ಷಕ್ಕೆ ತನ್ನಿ. ದಿನಕ್ಕೆ ಶೇ 1 ಅಂದರೆ 1.01 ಅನ್ನು ಅದರಿಂದಲೇ 365 ಸಲ ಗುಣಿಸಬೇಕು. ಮೊಬೈಲ್ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದರೆ ಘಾತದ ಗುಂಡಿ ಸಿಗುತ್ತದೆ. ಉತ್ತರ ಸುಮಾರು 37.8. ಅಂದರೆ 1,000 ಡಾಲರ್ ಹಾಕಿ ಮುಟ್ಟದೆ ಬಿಟ್ಟರೆ ವರ್ಷಕ್ಕೆ 37,800. ಮೂರು ವರ್ಷಕ್ಕೆ 5 ಕೋಟಿ 39 ಲಕ್ಷ ಡಾಲರ್! ಅಂಥ ಯಂತ್ರ ಇಟ್ಟುಕೊಂಡವನು ಟೆಲಿಗ್ರಾಂ ಗುಂಪಿನಲ್ಲಿ ಬೆಳಗ್ಗೆ ಎದ್ದು ಎಲ್ಲರಿಗೂ ಶುಭೋದಯ ಹೇಳುತ್ತಾ ಕೂರುತ್ತಾನಾ?

ಇದು ಬರೀ ನನ್ನ ತಮಾಷೆ ಅಲ್ಲ. 2016ರಲ್ಲಿ ಶುರುವಾದ ಬಿಟ್‌ಕನೆಕ್ಟ್ ಇದೇ ಲೆಕ್ಕ ತೋರಿಸಿತು. ತನ್ನ ಹತ್ತಿರ ಟ್ರೇಡಿಂಗ್ ಬಾಟ್ ಇದೆ, ಬೆಲೆಯ ಏರಿಳಿತದಿಂದಲೇ ದುಡಿಯುವ ಸಾಫ್ಟ್‌ವೇರ್ ಇದೆ ಅಂತ ಹೇಳಿತು. ತಿಂಗಳಿಗೆ ಶೇ 40ರವರೆಗೆ ಬರಬಹುದು ಅಂತ ಆಸೆ ಹುಟ್ಟಿಸಿತು. ಅದು ಪರದೆಯ ಮೇಲೆ ಹಾಕುತ್ತಿದ್ದ ಲಾಭ ಸರಾಸರಿ ದಿನಕ್ಕೆ ಶೇ 1, ವರ್ಷಕ್ಕೆ ಹಿಡಿದರೆ ಸುಮಾರು ಶೇ 3,700 ಅಂತ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2021ರಲ್ಲಿ ಹಾಕಿದ ದೂರಿನಲ್ಲಿದೆ. 2018ರ ಜನವರಿಯಲ್ಲಿ ಬಿಟ್‌ಕನೆಕ್ಟ್ ಆ ವ್ಯವಹಾರ ಮುಚ್ಚಿತು. ಅದರ ಟೋಕನ್ ಬೆಲೆ ನೆಲಕ್ಕೆ ಬಿತ್ತು. ಒಟ್ಟು 240 ಕೋಟಿ ಡಾಲರ್‌ನ ಮೋಸ ಅಂತ ಅಮೆರಿಕದ ನ್ಯಾಯ ಇಲಾಖೆ ಲೆಕ್ಕ ಕೊಟ್ಟಿದೆ.

"ನಮ್ಮದು ಅಷ್ಟೊಂದು ಹೇಳಲ್ಲ, ತಿಂಗಳಿಗೆ ಶೇ 10 ಅಷ್ಟೇ" ಅನ್ನುವವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಮಿರರ್ ಟ್ರೇಡಿಂಗ್ ಇಂಟರ್‌ನ್ಯಾಷನಲ್ ಹೇಳಿದ್ದು ಅದನ್ನೇ. ಜನರಿಂದ ಬಿಟ್‌ಕಾಯಿನ್ ತೆಗೆದುಕೊಂಡು ಬಾಟ್ ಮೂಲಕ ವಿದೇಶಿ ವಿನಿಮಯದ ವ್ಯಾಪಾರ ಮಾಡುತ್ತೇವೆ ಅಂತ. ಸಿಎಫ್‌ಟಿಸಿ 2022ರಲ್ಲಿ ಕೇಸು ಹಾಕಿದಾಗ ಲೆಕ್ಕ ಸಿಕ್ಕಿದ್ದು 29,421 ಬಿಟ್‌ಕಾಯಿನ್, ಮೋಸ ನಡೆದ ಅವಧಿಯ ಕೊನೆಯಲ್ಲಿದ್ದ ಬೆಲೆಗೆ 170 ಕೋಟಿ ಡಾಲರ್‌ಗೂ ಹೆಚ್ಚು. ತಿಂಗಳಿಗೆ ಶೇ 10 ಅಂದರೆ ವರ್ಷಕ್ಕೆ ಮೂರು ಪಟ್ಟು. ಸಣ್ಣ ಸಂಖ್ಯೆ ಅಂತ ಅನಿಸುವುದೇ ಅದರ ಕಿತಾಪತಿ.

ಹೋಲಿಕೆಗೆ ಒಂದು ನಿಜವಾದ ಅಂಕಿ ಇಟ್ಟುಕೊಳ್ಳಿ. ಕಂಪ್ಯೂಟರ್ ಲೆಕ್ಕದ ಮೇಲೆ ನಡೆಯುವ ಫಂಡ್‌ಗಳಲ್ಲಿ ಜಗತ್ತಿನಲ್ಲೇ ಹೆಸರಾದದ್ದು ಅಮೆರಿಕದ ಮೆಡಾಲಿಯನ್. 1988ರಿಂದ 2018ರವರೆಗೆ, ಶುಲ್ಕ ಕಳೆಯುವ ಮೊದಲು, ಅದರ ಸರಾಸರಿ ಲಾಭ ವರ್ಷಕ್ಕೆ ಸುಮಾರು ಶೇ 66 ಅಂತ ಹೇಳುತ್ತಾರೆ. ಗಣಿತ, ಭೌತಶಾಸ್ತ್ರ ಓದಿದ ದೊಡ್ಡ ದೊಡ್ಡ ತಲೆಗಳು ಸೇರಿ ಮಾಡಿದ್ದು ಅಷ್ಟು. ಅವರು ಮಾಡಿದ ಇನ್ನೊಂದು ಕೆಲಸ ಏನು ಗೊತ್ತಾ? ಹೊರಗಿನವರ ಹಣ ವಾಪಸ್ ಕೊಟ್ಟು ಬಾಗಿಲು ಹಾಕಿಕೊಂಡರು.

ಟ್ರೇಡ್ ಪಟ್ಟಿಯಲ್ಲಿ ಏನು ಇಲ್ಲ ಅಂತ ನೋಡಿ

ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ದಿನಕ್ಕೆ ಸುಮಾರು ನಲವತ್ತು ಟ್ರೇಡ್ ಬರುತ್ತಿದ್ದವು. ಎಷ್ಟಕ್ಕೆ ಕೊಂಡಿತು, ಎಷ್ಟಕ್ಕೆ ಮಾರಿತು, ಎಷ್ಟು ಲಾಭ, ಎಲ್ಲಾ ಇತ್ತು. ಇಲ್ಲದೆ ಇದ್ದದ್ದು ಶುಲ್ಕದ ಕಾಲಂ. ಇದು ನನ್ನ ಕಣ್ಣಿಗೆ ಮೊದಲ ದಿನವೇ ಬೀಳಬೇಕಿತ್ತು. ಖರ್ಚೇ ಇಲ್ಲದ ಲಾಭ ನಷ್ಟ ಪಟ್ಟಿಯನ್ನು ಯಾರಾದರೂ ನನ್ನ ಮೇಜಿಗೆ ತಂದರೆ ಎತ್ತಿ ವಾಪಸ್ ಕೊಡುತ್ತೇನೆ.

ಎಕ್ಸ್‌ಚೇಂಜ್‌ಗಳಲ್ಲಿ, ಅಂದರೆ ಕ್ರಿಪ್ಟೊ ಕೊಂಡು ಮಾರುವ ಆನ್‌ಲೈನ್ ಪೇಟೆಗಳಲ್ಲಿ, ಸಾಮಾನ್ಯ ಗ್ರಾಹಕರಿಗೆ ಶುಲ್ಕ ಒಂದು ಬದಿಗೆ ಶೇ 0.1ರ ಆಸುಪಾಸು ಅಂತ ಹಿಡಿಯಿರಿ. ಕೊಳ್ಳೋದಕ್ಕೆ ಒಂದು ಸಲ, ಮಾರೋದಕ್ಕೆ ಒಂದು ಸಲ, ಒಟ್ಟು ಶೇ 0.2. ಪೂರ್ತಿ ಹಣ ತೊಡಗಿಸಿ ನಲವತ್ತು ಸಲ ಹೀಗೆ ಮಾಡಿದರೆ ದಿನಕ್ಕೆ ಶೇ 8 ಬರೀ ಶುಲ್ಕಕ್ಕೇ ಹೋಗಬೇಕು. ನಮ್ಮ ಬಾಟ್ ಆ ಶೇ 8 ದಾಟಿ ಮೇಲೆ ಶೇ 1 ದುಡಿಯುತ್ತಿತ್ತಂತೆ. ದಿನಾ.

ಆಮೇಲೆ ಐದು ಟ್ರೇಡ್ ಆರಿಸಿಕೊಂಡೆ. ನೀವೂ ಹೀಗೆ ಮಾಡಿ. ಟ್ರೇಡ್ ಆದ ಸಮಯ, ನಾಣ್ಯ, ಬೆಲೆ ಬರೆದುಕೊಳ್ಳಿ. ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಇದೆಯಾ, ನಿಮ್ಮ ಗಡಿಯಾರದ್ದಾ ಅಂತ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲಾ ತಪ್ಪಾಗಿ ಕಾಣುತ್ತದೆ. ನಂತರ ಯಾವುದಾದರೂ ದೊಡ್ಡ ಎಕ್ಸ್‌ಚೇಂಜ್‌ನ ಚಾರ್ಟ್ ತೆರೆದು ಒಂದು ನಿಮಿಷದ ಕ್ಯಾಂಡಲ್‌ಗೆ ಹಾಕಿ. ಒಂದೊಂದು ಕ್ಯಾಂಡಲ್ ಆ ನಿಮಿಷದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆ ತೋರಿಸುತ್ತದೆ. ನನ್ನ ಪಟ್ಟಿಯ ಒಂದು ಸಾಲು ಹೀಗಿತ್ತು: 2:14ಕ್ಕೆ ಈಥರ್ (ಎಥೀರಿಯಂ ಜಾಲದ ನಾಣ್ಯ) ಮಾರಾಟ, ಬೆಲೆ 2,318.40. ಚಾರ್ಟ್‌ನಲ್ಲಿ ಆ ನಿಮಿಷದ ಕೆಳಗಿನ ತುದಿ 2,306.10, ಮೇಲಿನ ತುದಿ 2,309.75. ಆ ಬೆಲೆಗೆ ಆ ನಿಮಿಷದಲ್ಲಿ ಅಲ್ಲಿ ಯಾರೂ ಏನೂ ಮಾರಿರಲಿಲ್ಲ. ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ಬೆಲೆ ಚೂರುಪಾರು ಬೇರೆ ಇರುತ್ತದೆ ಅಂತ ಇನ್ನೆರಡು ಕಡೆಯೂ ನೋಡಿದೆ. ಅಲ್ಲೂ ಇಲ್ಲ. ಐದರಲ್ಲಿ ಮೂರು ಟ್ರೇಡ್ ಹೀಗೇ.

ಐದಕ್ಕೆ ಐದೂ ಸರಿಯಾಗಿ ಸಿಕ್ಕಿದರೆ? ಸಮಾಧಾನ ಪಡಬೇಡಿ. ಹಳೆಯ ಚಾರ್ಟ್ ನೋಡಿಕೊಂಡು ಪಟ್ಟಿ ತಯಾರಿಸುವುದು ಕಷ್ಟ ಅಲ್ಲ. ತಪ್ಪಾದ ಬೆಲೆ ಸುಳ್ಳನ್ನು ಹಿಡಿದುಕೊಡುತ್ತದೆ, ಸರಿಯಾದ ಬೆಲೆ ಏನನ್ನೂ ಸಾಬೀತು ಮಾಡುವುದಿಲ್ಲ.

ಹಣ ಹೋದ ದಾರಿ ಹಿಡಿಯಿರಿ

ಎಲ್ಲಕ್ಕಿಂತ ದೊಡ್ಡ ತಪಾಸಣೆ ಇದು. ಒಳ್ಳೆಯ ಸುದ್ದಿ ಏನೆಂದರೆ ಇದನ್ನು ಒಂದು ಪೈಸೆ ಹಾಕದೆ ಮಾಡಬಹುದು. ಕ್ರಿಪ್ಟೊದಲ್ಲಿ ಹೆಸರು ಗುಟ್ಟಾಗಿರುತ್ತದೆ, ಆದರೆ ಲೆಡ್ಜರ್ ಬೀದಿಯಲ್ಲಿ ಬಿದ್ದಿರುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು.

ಯುಎಸ್‌ಡಿಟಿ ಟ್ರಾನ್ ಜಾಲದಲ್ಲಿ ಹೋಗಿದ್ದರೆ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುತ್ತದೆ. ಅದಕ್ಕೆ ಟ್ರಾನ್‌ಸ್ಕ್ಯಾನ್ ಸೈಟ್. ಎಥೀರಿಯಂ ಆದರೆ ವಿಳಾಸದ ಮೊದಲಿಗೆ ಸೊನ್ನೆ ಮತ್ತು ಎಕ್ಸ್ ಇರುತ್ತದೆ, ಅದಕ್ಕೆ ಎಥರ್‌ಸ್ಕ್ಯಾನ್. ನಿಮ್ಮ ವಾಲೆಟ್‌ನ ಹಿಸ್ಟರಿಯಲ್ಲಿ ಪ್ರತಿ ಪಾವತಿಗೂ ಟಿಎಕ್ಸ್ ಐಡಿ ಅಂತ ಉದ್ದನೆಯ ಸಂಖ್ಯೆ ಇರುತ್ತದೆ. ಅದನ್ನು ಕಾಪಿ ಮಾಡಿ ಸೈಟ್‌ನ ಹುಡುಕುವ ಜಾಗದಲ್ಲಿ ಹಾಕಿ. ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಎಷ್ಟು, ಯಾವಾಗ, ಎಲ್ಲಾ ಬರುತ್ತದೆ. ವಿಳಾಸದ ಮೇಲೆ ಒತ್ತಿದರೆ ಆ ವಿಳಾಸದ ಪೂರ್ತಿ ಜಮಾ ಖರ್ಚು ತೆರೆಯುತ್ತದೆ.

ನನ್ನ 500 ಹೋದ ವಿಳಾಸ ತೆರೆದೆ. ನಾಲ್ಕು ನಿಮಿಷದಲ್ಲಿ ಅದು ಇನ್ನೊಂದು ವಿಳಾಸಕ್ಕೆ ಹೋಗಿತ್ತು. ಆ ಎರಡನೆಯದನ್ನು ತೆರೆದೆ. ಒಳಗೆ ಬರುತ್ತಿದ್ದದ್ದು ದುಂಡನೆಯ ಮೊತ್ತಗಳು: 100, 500, 1,000, 300, 500. ಹೊರಗೆ ಹೋಗುತ್ತಿದ್ದದ್ದು ಚಿಲ್ಲರೆ: 22, 35, 18, 51. ನಡುವೆ ಒಂದೊಂದು ಸಲ ದೊಡ್ಡ ಗಂಟು, 20,000 ಅಥವಾ 30,000, ಬೇರೆ ವಿಳಾಸಕ್ಕೆ. ಕೆಳಗೆ ಉರುಳಿಸುತ್ತಾ ಹೋದೆ. ಆ ಚಿಲ್ಲರೆಯ ಸಾಲಿನಲ್ಲಿ ಒಂದು ಕಡೆ 40 ಇತ್ತು. ದಿನಾಂಕ ನೋಡಿದೆ, ಸಮಯ ನೋಡಿದೆ, ಹೋದ ವಿಳಾಸ ನೋಡಿದೆ. ನನ್ನದೇ ವಾಲೆಟ್.

ಬಾಟ್ ದುಡಿದುಕೊಟ್ಟ ನನ್ನ ಮೊದಲ ಲಾಭ. ಅದಕ್ಕಿಂತ ಹನ್ನೊಂದು ನಿಮಿಷ ಮೊದಲು ಅದೇ ವಿಳಾಸಕ್ಕೆ ಯಾರೋ 100 ಹಾಕಿದ್ದರು. ಯಾರೋ ಗೊತ್ತಿಲ್ಲ. ಅವರ ನೂರರಲ್ಲಿ ನನ್ನ ನಲವತ್ತು. ಆ ರಾತ್ರಿ ನನ್ನ ಹಣ ಹೋಯಿತು ಅನ್ನುವುದಕ್ಕಿಂತ ಇದು ಜಾಸ್ತಿ ಕಾಡಿತು.

ಇಲ್ಲಿ ಒಂದು ಎಚ್ಚರ. ನಿಜವಾದ ಎಕ್ಸ್‌ಚೇಂಜ್‌ಗಳೂ ಎಲ್ಲರ ಹಣ ಒಂದು ದೊಡ್ಡ ವಾಲೆಟ್‌ಗೆ ಸೇರಿಸಿ ಅಲ್ಲಿಂದಲೇ ಕೊಡುತ್ತವೆ. ಹಾಗಾಗಿ ಒಂದೇ ವಿಳಾಸ ಅನ್ನುವುದರಿಂದಲೇ ಮೋಸ ಅನ್ನಬಾರದು. ವ್ಯತ್ಯಾಸ ಹೀಗೆ ಕಾಣುತ್ತದೆ. ದೊಡ್ಡ ಎಕ್ಸ್‌ಚೇಂಜ್‌ಗಳ ವಿಳಾಸಕ್ಕೆ ಈ ಸೈಟ್‌ಗಳಲ್ಲಿ ಸಾಮಾನ್ಯವಾಗಿ ಹೆಸರಿನ ಚೀಟಿ ಇರುತ್ತದೆ. ನಿಮ್ಮ ಬಾಟ್ ನಿಜಕ್ಕೂ ಟ್ರೇಡ್ ಮಾಡುವುದಾದರೆ ಹಣ ಅಂಥ ಹೆಸರಿರುವ ಕಡೆಗೆ ಹೋಗಬೇಕು, ಅಲ್ಲಿಂದ ಲಾಭ ಸೇರಿಸಿಕೊಂಡು ವಾಪಸ್ ಬರಬೇಕು. ಒಳಗೆ ಬರುವುದು ಬರೀ ಜನರ ಠೇವಣಿ, ಹೊರಗೆ ಹೋಗುವುದು ಜನರ ಚಿಲ್ಲರೆ ಮತ್ತು ಗಂಟು ಅಂತಾದರೆ ಅಲ್ಲಿ ವ್ಯಾಪಾರವೇ ನಡೆಯುತ್ತಿಲ್ಲ. ಗಂಟು ಎಕ್ಸ್‌ಚೇಂಜ್‌ಗೆ ಹೋಗಿ ಮತ್ತೆ ವಾಪಸ್ ಬರದಿದ್ದರೆ ಅದು ಟ್ರೇಡ್ ಅಲ್ಲ, ನಗದು ಮಾಡಿಕೊಂಡು ಹೋದದ್ದು.

ಹಣ ಹಾಕದೆ ಮಾಡುವುದು ಹೇಗೆ? ನಿಮ್ಮನ್ನು ಕರೆದವರ ಹತ್ತಿರ ಅವರು ತೆಗೆದ ಲಾಭದ ಟಿಎಕ್ಸ್ ಐಡಿ ಕೇಳಿ. ಸ್ಕ್ರೀನ್‌ಶಾಟ್ ಬೇಡ, ಐಡಿ ಬೇಕು. ಪ್ರೀತಿಯಿಂದ ಕರೆದವರು ಖಂಡಿತ ಕೊಡುತ್ತಾರೆ, ಅವರಿಗೂ ಹೆಮ್ಮೆ. ಅಲ್ಲಿಂದ ಹಿಂದಕ್ಕೆ ನಡೆಯಿರಿ.

ಬೇರೆ ವೇಷಗಳು

ಎಲ್ಲಾ ಬಾಟ್ ಮೋಸವೂ ನಮ್ಮದರ ಹಾಗೆ ಇರುವುದಿಲ್ಲ. ಕೆಲವರು ನಿಮ್ಮ ಹಣ ನಿಮ್ಮ ಎಕ್ಸ್‌ಚೇಂಜ್ ಖಾತೆಯಲ್ಲೇ ಇರಲಿ, ಎಪಿಐ ಕೀ ಕೊಡಿ ಸಾಕು ಅನ್ನುತ್ತಾರೆ. ಎಪಿಐ ಕೀ ಅಂದರೆ ಬಾಟ್ ನಿಮ್ಮ ಪರವಾಗಿ ಖಾತೆ ನಡೆಸಲು ಕೊಡುವ ಕೀಲಿ. ನಿಜವಾದ ಬಾಟ್ ಸೇವೆಗಳೂ ಹೀಗೇ ಕೆಲಸ ಮಾಡುತ್ತವೆ. ಕೀ ಮಾಡುವಾಗ ಹಣ ಹೊರಗೆ ತೆಗೆಯುವ ಅನುಮತಿಗೆ ಟಿಕ್ ಹಾಕಲೇಬೇಡಿ. ಆ ಟಿಕ್ ಬೇಕೇ ಬೇಕು ಅಂದವರ ಹತ್ತಿರ ಮಾತು ಮುಂದುವರಿಸಬೇಡಿ. ಟಿಕ್ ಇಲ್ಲದಿದ್ದರೂ ಪೂರ್ತಿ ಕ್ಷೇಮ ಅಂದುಕೊಳ್ಳಬೇಡಿ. ಯಾರೂ ಕೊಳ್ಳದ ನಾಣ್ಯವನ್ನು ಅವರು ತಾವು ಮಾರಲು ಇಟ್ಟು, ನಿಮ್ಮ ಖಾತೆಯಿಂದ ದುಬಾರಿ ಬೆಲೆಗೆ ಕೊಳ್ಳಿಸಬಹುದು. ಹಣ "ತೆಗೆಯದೆಯೇ" ಖಾಲಿ ಆಗುತ್ತದೆ.

ಇನ್ನೊಂದು ವೇಷ ಯೂಟ್ಯೂಬ್ ವಿಡಿಯೊದ್ದು. "ಉಚಿತ ಕೋಡ್ ಕೊಡ್ತೀವಿ, ನೀವೇ ನಿಮ್ಮ ಬಾಟ್ ಹಾಕಿಕೊಳ್ಳಿ" ಅಂತ. ಕೋಡ್ ಕಾಪಿ ಮಾಡಿ, ರೀಮಿಕ್ಸ್ ಅನ್ನುವ ಸೈಟ್‌ನಲ್ಲಿ ಅಂಟಿಸಿ, ಸ್ಮಾರ್ಟ್ ಕಾಂಟ್ರಾಕ್ಟ್ (ಕ್ರಿಪ್ಟೊ ಜಾಲದ ಮೇಲೆ ತಾನೇ ಓಡುವ ಪ್ರೋಗ್ರಾಂ) ಮಾಡಿ, ಅದಕ್ಕೆ ಸ್ವಲ್ಪ ಈಥರ್ ತುಂಬಿ, ಸ್ಟಾರ್ಟ್ ಒತ್ತಿ ಅನ್ನುತ್ತಾರೆ. ರೀಮಿಕ್ಸ್ ಒಳ್ಳೆಯ ಸಾಧನವೇ, ಕೋಡ್ ಕೆಟ್ಟದ್ದು. ಅದರೊಳಗೆ ಕಳ್ಳರ ವಾಲೆಟ್ ವಿಳಾಸವನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಕಡೆ ಅಡಗಿಸಿರುತ್ತಾರೆ. ಸ್ಟಾರ್ಟ್ ಒತ್ತಿದ ತಕ್ಷಣ ತುಂಡುಗಳು ಒಂದಾಗಿ, ತುಂಬಿದ ಈಥರ್ ಅಷ್ಟೂ ಅಲ್ಲಿಗೆ ಹೋಗುತ್ತದೆ. ಕೋಡ್ ಬಲ್ಲವರು, ಅಥವಾ ಅರ್ಧಂಬರ್ಧ ಬಲ್ಲವರು, ಇದಕ್ಕೆ ಬೀಳುವುದು ಜಾಸ್ತಿ. ನಾನೇ ಹಾಕಿದ್ದು, ನನ್ನ ಕೈಯಲ್ಲೇ ಇದೆ ಅನ್ನುವ ಧೈರ್ಯ. ನನ್ನ 40 ಡಾಲರ್ ಪರೀಕ್ಷೆಯ ಹಾಗೆಯೇ ಇದೂ.

ನಿಜವಾದ ಬಾಟ್‌ಗಳು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇವೆ, ಮತ್ತು ಅವು ನಷ್ಟ ಮಾಡುತ್ತವೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ದೊಡ್ಡ ಸಂಸ್ಥೆಯ ಷೇರು ವ್ಯಾಪಾರದ ಸಾಫ್ಟ್‌ವೇರ್ ತಪ್ಪಾಗಿ ಓಡಿ, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. ಅದು ಮೋಸ ಅಲ್ಲ, ಬರೀ ತಪ್ಪು. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಬಾಟ್‌ಗಳು ಸೋತಾಗಲೆಲ್ಲ ಪಣ ದುಪ್ಪಟ್ಟು ಮಾಡುತ್ತವೆ. ತಿಂಗಳುಗಟ್ಟಲೆ ಸಣ್ಣ ಲಾಭ ಚೆನ್ನಾಗಿ ಕಾಣುತ್ತದೆ. 10 ಡಾಲರ್‌ನಿಂದ ಶುರುಮಾಡಿ ಸಾಲಾಗಿ ಏಳು ಸಲ ಸೋತರೆ 1,270 ಹೋಗಿರುತ್ತದೆ, ಎಂಟನೆಯದಕ್ಕೆ ಇನ್ನೂ 1,280 ಬೇಕು. ಅದಕ್ಕೇ "ಇದುವರೆಗೆ ಎಷ್ಟು ಲಾಭ" ಅಂತ ಕೇಳಬೇಡಿ. "ಅತಿ ಹೆಚ್ಚು ನಷ್ಟ ಯಾವಾಗ ಆಯಿತು, ಎಷ್ಟು" ಅಂತ ಕೇಳಿ.

ಸರ್ಟಿಫಿಕೇಟ್ ಬಗ್ಗೆ ಎರಡು ಮಾತು

ನಮ್ಮ ಬಾಟ್‌ನವರು ಅಮೆರಿಕದ ಫಿನ್‌ಸೆನ್‌ನ ಎಂಎಸ್‌ಬಿ ನೋಂದಣಿ ತೋರಿಸಿದ್ದರು. ಫಿನ್‌ಸೆನ್ ಅಂದರೆ ಅಲ್ಲಿ ಕಪ್ಪುಹಣದ ಸಾಗಣೆ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಎಂಎಸ್‌ಬಿ ಅಂದರೆ ಹಣ ವರ್ಗಾವಣೆಯಂಥ ಸೇವೆ ಕೊಡುವ ವ್ಯವಹಾರ. ನಾನು ಫಿನ್‌ಸೆನ್ ಸೈಟ್‌ಗೇ ಹೋಗಿ ಹುಡುಕಿದೆ, ಹೆಸರು ಇತ್ತು! ಆದರೆ ಅದು ಬರೀ ನೋಂದಣಿ. ಹೂಡಿಕೆ ನಡೆಸುವ ಲೈಸೆನ್ಸ್ ಅಲ್ಲ. ಅರ್ಜಿದಾರರು ಕೊಟ್ಟ ಮಾಹಿತಿಯನ್ನು ತಾನು ಪರಿಶೀಲಿಸುವುದಿಲ್ಲ ಅಂತ ಫಿನ್‌ಸೆನ್ ಅದೇ ಪುಟದಲ್ಲಿ ಬರೆದಿದೆ. ನಾನು ಹೆಸರು ನೋಡಿದೆ, ಆ ಸಾಲು ಓದಲಿಲ್ಲ.

ನೋಂದಣಿ ಇದೆಯಾ ಅಂತ ಹುಡುಕುವ ಬದಲು ಎಚ್ಚರಿಕೆ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕಿ. ಬ್ರಿಟನ್ನಿನ ಹಣಕಾಸು ನಿಯಂತ್ರಕ ಎಫ್‌ಸಿಎ ಒಂದು ವಾರ್ನಿಂಗ್ ಲಿಸ್ಟ್ ಇಟ್ಟಿದೆ, ಸಿಎಫ್‌ಟಿಸಿ ರೆಡ್ ಲಿಸ್ಟ್ ಇಟ್ಟಿದೆ. ಜಗತ್ತಿನ ಷೇರುಪೇಟೆ ನಿಯಂತ್ರಕರ ಒಕ್ಕೂಟವಾದ ಐಓಎಸ್‌ಸಿಓ 2025ರಲ್ಲಿ ಐ-ಸ್ಕ್ಯಾನ್ ಅಂತ ಶುರುಮಾಡಿತು, ಅಲ್ಲಿ ಹಲವು ದೇಶಗಳ ಎಚ್ಚರಿಕೆಗಳು ಒಂದೇ ಕಡೆ ಸಿಗುತ್ತವೆ. ಹೆಸರು ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಸಿಗದಿದ್ದರೆ ಸೈಟ್ ಹೊಸದು ಅಂತಲೂ ಅರ್ಥ ಇರಬಹುದು.

ಆಗಲೇ ಸಿಕ್ಕಿಕೊಂಡಿದ್ದರೆ

ತೆರಿಗೆ, ಶುಲ್ಕ, ಠೇವಣಿ, ಖಾತೆ ಅನ್‌ಲಾಕ್, ಯಾವ ಹೆಸರಿನಲ್ಲೂ ಇನ್ನೊಂದು ಡಾಲರ್ ಕಳಿಸಬೇಡಿ. ನಿಮ್ಮ ಹಣ ಅವರ ಹತ್ತಿರ ನಿಜಕ್ಕೂ ಇದ್ದರೆ ಅದರಲ್ಲೇ ಹಿಡಿದುಕೊಳ್ಳಬಹುದಿತ್ತಲ್ಲ. ನಾನು 615 ಕಳಿಸಲಿಲ್ಲ. ಆದರೆ ವಾಲೆಟ್ ತೆರೆದು ಮೊತ್ತ ಟೈಪ್ ಮಾಡುವವರೆಗೆ ಹೋಗಿದ್ದೆ. 4,100 ಕಣ್ಣೆದುರು ಕಾಣುತ್ತಿರುವಾಗ 615 ಸಣ್ಣದಾಗಿ ಕಾಣುತ್ತದೆ. ನನ್ನನ್ನು ತಡೆದದ್ದು ಬುದ್ಧಿ ಅಲ್ಲ, ವಾಲೆಟ್‌ನಲ್ಲಿ ಅಷ್ಟು ಹಣ ಇರಲಿಲ್ಲ.

ಸೈಟ್ ಇನ್ನೂ ತೆರೆಯುತ್ತಿದ್ದರೆ ಇವತ್ತೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಟೆಲಿಗ್ರಾಂ ಗುಂಪಿನಿಂದ ಸಿಟ್ಟಿನಲ್ಲಿ ಹೊರಗೆ ಬರಬೇಡಿ, ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಜಗಳ ಆಡಿದರೆ ಅವರೇ ಹೊರಗೆ ಹಾಕುತ್ತಾರೆ, ಸಾಕ್ಷಿ ಹೋಗುತ್ತದೆ. ಟಿಎಕ್ಸ್ ಐಡಿಗಳು, ವಿಳಾಸಗಳು, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ಪೊಲೀಸರ ಸೈಬರ್ ವಿಭಾಗಕ್ಕೆ ಕೊಡಿ. ಹಣ ಯಾವುದಾದರೂ ಹೆಸರಿರುವ ಎಕ್ಸ್‌ಚೇಂಜ್‌ಗೆ ಹೋಗಿದ್ದು ಕಂಡರೆ ಆ ಎಕ್ಸ್‌ಚೇಂಜ್‌ಗೂ ಬರೆಯಿರಿ. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೆ ವಿಳಾಸವನ್ನು ಸ್ತಂಭನ ಮಾಡುವ ಶಕ್ತಿ ಇದೆ, ಪೊಲೀಸರು ಕೇಳಿದಾಗ ಮಾಡಿದ್ದೂ ಇದೆ. ಅದಕ್ಕೇ ತಡ ಮಾಡಬಾರದು. ವಾಲೆಟ್ ಅನ್ನು ಅವರ ಸೈಟ್‌ಗೆ ಜೋಡಿಸಿದ್ದರೆ ನಿಮ್ಮ ಟೋಕನ್ ತೆಗೆದುಕೊಳ್ಳಲು ಆ ಸೈಟ್‌ಗೆ ಕೊಟ್ಟ ಅನುಮತಿಗಳನ್ನು ರದ್ದು ಮಾಡಿ, ಇಲ್ಲವೇ ಉಳಿದದ್ದನ್ನು ಹೊಸ ವಾಲೆಟ್‌ಗೆ ಸಾಗಿಸಿ.

ಇಷ್ಟರಲ್ಲಿ "ನಿಮ್ಮ ಹಣ ವಾಪಸ್ ಕೊಡಿಸ್ತೀವಿ" ಅಂತ ಯಾರಾದರೂ ಮೆಸೇಜ್ ಮಾಡಿಯೇ ಮಾಡುತ್ತಾರೆ. ನನಗೆ ಒಂಬತ್ತನೇ ದಿನ ಬಂತು. ನಾನು ಎಷ್ಟು ಕಳೆದುಕೊಂಡೆ ಅಂತ ಸರಿಯಾಗಿ ಗೊತ್ತಿತ್ತು ಅವರಿಗೆ. ಹೇಗೆ ಗೊತ್ತಿತ್ತು ಅಂತ ಯೋಚನೆ ಮಾಡಿ. ಮೊದಲು 200 ಕಟ್ಟಬೇಕಂತೆ.

ನಿಮ್ಮವರು ಯಾರಾದರೂ ಒಳಗಿದ್ದರೆ "ಮೋಸ, ಮೋಸ" ಅಂತ ಕೂಗಬೇಡಿ. ನನ್ನ ತಮ್ಮನಿಗೆ ನಾನು ಹಾಗೆ ಮಾಡಿ ಒಂದು ವಾರ ಹಾಳು ಮಾಡಿಕೊಂಡೆ. ಅವನು ಮಾತು ಬಿಟ್ಟ, ಆ ವಾರದಲ್ಲೇ ಇನ್ನೂ 300 ಹಾಕಿದ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಟ್ರಾನ್‌ಸ್ಕ್ಯಾನ್ ತೆರೆದು ಅವನ ಕೈಗೇ ಮೌಸ್ ಕೊಟ್ಟೆ. ಅವನೇ ಕೆಳಗೆ ಉರುಳಿಸಿದ, ಅವನೇ ನಿಲ್ಲಿಸಿದ. ನಾನು ಏನೂ ಹೇಳಬೇಕಾಗಲಿಲ್ಲ.

ಹೋದ ತಿಂಗಳು ಆಫೀಸಿನಲ್ಲಿ ಮೊದಲು ನನ್ನ ಜೊತೆ ಇದ್ದ ಹುಡುಗನೊಬ್ಬ ಫೋನ್ ಮಾಡಿದ. ಹೊಸ ಬಾಟ್ ಒಂದಕ್ಕೆ ಸೇರಿದ್ದಾನಂತೆ. ಎಐ ಅಂತೆ.

"ಮೇಡಂ, ನೀವು ಹೇಳೋದೆಲ್ಲಾ ಸರಿ. ಆದ್ರೆ ನಾನು ನಿನ್ನೆ 25 ಡಾಲರ್ ತೆಗೆದು ನೋಡಿದೆ. ಬಂತು."

"ಯಾವ ವಿಳಾಸದಿಂದ ಬಂತು?"

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ.

"ಅದು ನೋಡ್ಲಿಲ್ಲ ಮೇಡಂ."

"ನೋಡಪ್ಪಾ. ನಾನು ಲೈನಲ್ಲೇ ಇರ್ತೀನಿ."